ಜಿಯೋನೆಗೂ ಒಂದು ಹುಂಜ

ಮಲಾವಿ ಸರೋವರದ ದಡದಲ್ಲಿರುವ ಆ ಊರಿನ ಹುಡುಗರಿಗೆ ಒಂದು ಪಂದ್ಯವಿತ್ತು. ಶಾಲೆಯ ಹಿಂದೆ ಬಿಳಿ ಮರಳಿನ ಮೇಲೆ ಸಾಲಾಗಿ ನಿಂತು ಉಚ್ಚೆ ಹೊಯ್ಯುವುದು. ಯಾರದು ಕೆಂಪಗಿದೆಯೋ ಅವನು ಗೆದ್ದ. ಅವನು ಗಂಡಸಾದ. ಉಳಿದವರು ಇನ್ನೂ ಎಳೆಮಕ್ಕಳು.

ಹುಡುಗರಷ್ಟೇ ಅಲ್ಲ, ದೊಡ್ಡವರೂ ಹಾಗೇ ನಂಬಿದ್ದರು. ಹುಡುಗಿಯರು ದೊಡ್ಡವರಾಗುವುದಿಲ್ಲವೇ, ಹುಡುಗರೂ ಹೀಗೆ ಆಗುತ್ತಾರೆ ಎನ್ನುತ್ತಿದ್ದರು. ಅದರಲ್ಲಿ ಹೆದರುವಂಥದ್ದೇನೂ ಯಾರಿಗೂ ಕಾಣುತ್ತಿರಲಿಲ್ಲ.

ಎಸ್ನಾತಿ ಆ ಶಾಲೆಯ ಒಂದನೇ ತರಗತಿಯ ಟೀಚರ್. ಗಂಡ ದೂರದ ಕಬ್ಬಿನ ತೋಟದಲ್ಲಿ ಕೆಲಸಕ್ಕಿದ್ದ. ಬೆಳಕು ಹರಿಯುವ ಮೊದಲೇ ಎದ್ದು ಕೈಪಂಪಿನಿಂದ ನೀರು ತರಬೇಕು. ಒಲೆ ಹಚ್ಚಿ ಮೆಕ್ಕೆಜೋಳದ ಗಂಜಿ ಕಾಯಿಸಬೇಕು. ಆಮೇಲೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಆರು ವರ್ಷದ ಮಗಳು ಜಿಯೋನೆಯ ಕೈ ಹಿಡಿದು ಶಾಲೆಗೆ ಓಡಬೇಕು. ದೊಡ್ಡ ಮಗ ಲಿಂಬಾನಿ ಮುಂದೆ ಮುಂದೆ ಹೋಗುತ್ತಿದ್ದ. ಅವಳ ತರಗತಿ ನಡೆಯುತ್ತಿದ್ದುದು ಮಾವಿನ ಮರದ ಕೆಳಗೆ. ಸ್ಲೇಟು ಸಿಗದ ಮಕ್ಕಳು ಮರಳಿನ ಮೇಲೇ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಕೂಸು ಅತ್ತರೆ ಎಸ್ನಾತಿ ಹಾಲೂಡಿಸುತ್ತಲೇ ಪಾಠ ಹೇಳುತ್ತಿದ್ದಳು. ಕೂಸಿಗೆ ನಿದ್ದೆ ಬಂತೆಂದರೆ ಯಾರೂ ಹೇಳದೆಯೇ ಇಡೀ ತರಗತಿ ಪಿಸುಮಾತಿನಲ್ಲಿ ಮಗ್ಗಿ ಹೇಳುತ್ತಿತ್ತು.

ಊರಿನ ಮಕ್ಕಳನ್ನೆಲ್ಲ ಕಣ್ಣಲ್ಲಿಟ್ಟು ನೋಡುವ ಎಸ್ನಾತಿಗೆ ಈಚೆಗೆ ತನ್ನ ಮಗನದೇ ಚಿಂತೆ ಹತ್ತಿತ್ತು. ಶಾಲೆಯಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಲಿಂಬಾನಿ ಈಗ ಆಟದ ಬಯಲಿನ ಅಂಚಿನಲ್ಲಿ ಕೂತಿರುತ್ತಿದ್ದ. ಆರನೇ ತರಗತಿಯ ಮೇಷ್ಟ್ರು ಒಂದು ದಿನ ಹೇಳಿಯೇಬಿಟ್ಟರು:

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಮಗನ ತಲೆ ಬೆಂಚಿನ ಮೇಲಿಂದ ಏಳೋದೇ ಇಲ್ಲ. ಹೀಗೇ ಆದ್ರೆ ಈ ವರ್ಷ ಅವನು ಪಾಸಾಗಲ್ಲ."

ಸೊಳ್ಳೆ ಜ್ವರವಿರಬೇಕೆಂದು ಎಸ್ನಾತಿ ಅವನ ರಕ್ತ ಪರೀಕ್ಷೆ ಮಾಡಿಸಿದಳು. ಅದಲ್ಲ ಎಂದರು. ಮಗನನ್ನು ಕೇಳಿದರೆ ಬಾಯಿ ಬಿಡಲಿಲ್ಲ. ನೋಯುವ ಹೊಟ್ಟೆಯನ್ನು ಒತ್ತಿ ಹಿಡಿದು ಮುಗುಳ್ನಕ್ಕ, ಅಷ್ಟೇ.

ಅದೇ ಸಂಜೆ ಅವಳ ಅಣ್ಣ ವೈಸನ್ ಅಂಗಳಕ್ಕೆ ಬಂದ. ಕೈಯಲ್ಲಿ ಕೆಂಪು ಜುಟ್ಟಿನ ಹುಂಜ. ಹುಂಜಕ್ಕಿಂತ ಅವನ ಎದೆಯೇ ಹೆಚ್ಚು ಉಬ್ಬಿತ್ತು.

"ಏ ಟೀಚರಮ್ಮಾ, ಒಲೆ ಹಚ್ಚು! ಇವತ್ತು ಕೋಳಿ ಸಾರು. ನಿನ್ನ ಮಗ ಗಂಡಸಾದ! ನಿನ್ನೆ ಮರಳಿನ ಮೇಲೆ ಇವನದೇ ಎಲ್ಲರಿಗಿಂತ ಕೆಂಪಗಿತ್ತಂತೆ."

ಹೋದ ವರ್ಷ ಶಾಲೆಯಲ್ಲಿ ಮಾತ್ರೆ ಕೊಟ್ಟವರು ಉಚ್ಚೆಯಲ್ಲಿ ರಕ್ತ ಬರಿಸುವ ಹುಳುವಿನ ಬಗ್ಗೆ ಹೇಳಿದ್ದು ಎಸ್ನಾತಿಗೆ ನೆನಪಾಯಿತು. ಮಗನ ಸುಸ್ತು, ನಿದ್ದೆ, ಹೊಟ್ಟೆನೋವು ಎಲ್ಲ ಅವಳಿಗೆ ಒಮ್ಮೆಲೇ ಅರ್ಥವಾಯಿತು.

"ಅಣ್ಣಾ, ಅದು ಗಂಡಸುತನ ಅಲ್ಲ. ಕಾಯಿಲೆ. ಬರೋ ವಾರ ಶಾಲೇಲಿ ಅದಕ್ಕೇ ಮಾತ್ರೆ ಕೊಡ್ತಾರೆ. ಲಿಂಬಾನಿಗೂ ಕೊಡಿಸ್ತೀನಿ."

"ಕೊಡಿಸ್ತೀಯಾ? ಯಾರನ್ನ ಕೇಳಿ? ಹೋದ ವರ್ಷ ಆ ಮಾತ್ರೆ ನುಂಗಿದ ಮಕ್ಕಳು ಸಾಲಾಗಿ ಕೂತು ವಾಂತಿ ಮಾಡ್ಕೊಂಡಿದ್ದು ಮರ್ತೋಯ್ತಾ? ತಲೆ ತಿರುಗಿ ಬಿದ್ದವರನ್ನ ನಾವೇ ಹೊತ್ಕೊಂಡು ಬಂದ್ವಿ. ಹುಡುಗರ ಗಂಡಸುತನ ಕಿತ್ಕೊಳ್ಳೋ ಮಾತ್ರೆ ಅದು. ನಾನು ಬೇಡ ಅಂದ್ರೆ ಬೇಡ."

ಆ ಊರಲ್ಲಿ ಮಕ್ಕಳ ವಿಷಯದಲ್ಲಿ ಸೋದರಮಾವನದೇ ಕೊನೆಯ ಮಾತು. ಅಪ್ಪನೇ ಎದುರಿಗಿದ್ದರೂ ಮಾವ ಮಾತಾಡುವಾಗ ಸುಮ್ಮನಿರುತ್ತಾನೆ. ಮೇಲಾಗಿ ವೈಸನ್ ದೋಣಿಯವರ ಮುಂದಾಳು. ಅವನು ಬೇಡವೆಂದರೆ ಮೀನುಗಾರರ ಮನೆಯ ಒಂದು ಮಗುವೂ ಮಾತ್ರೆಗೆ ಬಾಯಿ ತೆರೆಯುವುದಿಲ್ಲ. ಲಿಂಬಾನಿಯ ಮೈಯೊಳಗಿನ ಹುಳು ಹಾಗೇ ಉಳಿಯುತ್ತದೆ. ಒಳಗಿಂದಲೇ ಅವನನ್ನು ತಿನ್ನುತ್ತದೆ.

ಹುಂಜ ಸಾರಾಯಿತು. ಎಸ್ನಾತಿ ತನ್ನ ಪಾಲನ್ನೂ ಮಕ್ಕಳ ತಟ್ಟೆಗೆ ಹಾಕಿದಳು. ಜಿಯೋನೆ ಮೂಳೆ ಚೀಪುತ್ತ ಕೇಳಿದಳು:

"ಮಾವಾ, ನನಗ್ಯಾವಾಗ ಹುಂಜ ತರ್ತೀಯ?"

"ನೀನೂ ಗಂಡಸಾದಾಗ!" ಎಂದು ವೈಸನ್ ಹೊಟ್ಟೆ ಕುಣಿಸಿಕೊಂಡು ನಕ್ಕ.

ಮರುದಿನ ಶಾಲೆ ಬಿಟ್ಟ ಮೇಲೆ ಎಸ್ನಾತಿ ತನ್ನ ಗೆಳತಿ ಫೈನೆಸ್ಸಳನ್ನು ಪಕ್ಕದಲ್ಲೇ ಇದ್ದ ಅಣ್ಣನ ಮನೆಗೆ ಕರೆತಂದಳು. ಫೈನೆಸ್ ಆರೋಗ್ಯ ಕಾರ್ಯಕರ್ತೆ. ಸೈಕಲ್ ಮೇಲೆ ಊರೂರು ಸುತ್ತುವವಳು. ವೈಸನ್ ಅಂಗಳದ ಅಟ್ಟಣೆಯ ಮೇಲೆ ಸಣ್ಣ ಮೀನುಗಳನ್ನು ಒಣಹಾಕುತ್ತಿದ್ದ. ಅವಳನ್ನು ಕಂಡದ್ದೇ ಕೂಗಿದ:

"ಬಾರಮ್ಮಾ ಸೂಜಿ ರಾಣಿ! ಇವತ್ತು ಯಾರಿಗೆ ಚುಚ್ಚೋಕೆ ಬಂದೆ?"

"ಸೂಜಿ ತಂದಿಲ್ಲ ವೈಸನಣ್ಣ. ಬರೀ ನಾಲಿಗೆ ತಂದಿದೀನಿ."

"ಅದೇ ಹೆಚ್ಚು ಚುಚ್ಚೋದು."

ಫೈನೆಸ್ ನಕ್ಕಳು. ತಾನೂ ಕೂತು ಮೀನು ಹರಡತೊಡಗಿದಳು. ಕೈ ಕೆಲಸ ಮಾಡುತ್ತಲೇ ಮಾತೆತ್ತಿದಳು.

"ಅಣ್ಣ, ನಿನ್ನ ಬಲೆಗೆ ಸಿಗದಷ್ಟು ಸಣ್ಣ ಮೀನು ಸರೋವರದಲ್ಲಿ ಇಲ್ವಾ?"

"ಯಾಕಿಲ್ಲ? ಬೇಕಾದಷ್ಟಿದೆ."

"ಬಲೆಗೆ ಸಿಗಲಿಲ್ಲ ಅಂತ ಇಲ್ಲವೇ ಇಲ್ಲ ಅನ್ನೋಕಾಗತ್ತಾ? ಹಾಗೇ ಕಣ್ಣಿಗೆ ಕಾಣದ ಹುಳನೂ ನೀರಲ್ಲಿದೆ. ದಡದ ಜೊಂಡಿನಲ್ಲಿ ಬಸವನಹುಳು ಇರತ್ತಲ್ಲ, ಅದರ ಮೈಯಲ್ಲಿ ಬೆಳೆದು ನೀರಿಗೆ ಬರತ್ತೆ. ನಾವು ಸ್ನಾನಕ್ಕೆ ಇಳಿದಾಗ ಚರ್ಮ ತೂರ್ಕೊಂಡು ಒಳಗೆ ಹೋಗತ್ತೆ. ಆಮೇಲೆ ಉಚ್ಚೇಲಿ ರಕ್ತ. ಬಸವನಹುಳು ರೋಗ ಅಂತೀವಲ್ಲ, ಆಸ್ಪತ್ರೇಲಿ ಬಿಲ್ಹಾರ್ಜಿಯಾ ಅಂತಾರೆ, ಅದೇ ಇದು."

ವೈಸನ್ ತನ್ನ ತೊಡೆ ಚಾಚಿ ತೋರಿಸಿದ. "ಎಲ್ಲಿ, ತೂತು ತೋರ್ಸು ನೋಡೋಣ! ಹುಟ್ಟಿದಾಗಿಂದ ನೀರಲ್ಲೇ ಇದೀನಿ. ನನಗೂ ರಕ್ತ ಹೋಯ್ತು, ನಮ್ಮ ಮಾವನಿಗೂ ಹೋಯ್ತು. ಈ ದಡದ ಗಂಡಸರೆಲ್ಲ ಗಂಡಸರಾಗಿದ್ದೇ ಹಾಗೆ."

"ಹಾಗಾದ್ರೆ ಕಕ್ಕಸಿನಿಂದ ಬರೋವಾಗೆಲ್ಲ ಹಲ್ಲು ಕಚ್ಕೊಂಡು ಬರೋದ್ಯಾಕಣ್ಣ?" ಎಂದಳು ಎಸ್ನಾತಿ ಮೆಲ್ಲಗೆ.

"ನೋಡ್ತಾ ಕೂತಿರ್ತೀಯಾ? ವಯಸ್ಸಾಯ್ತು, ಅದಕ್ಕೆ."

"ಆ ಹುಳ ನೀರಿಗೆ ಬರೋದು ಎಲ್ಲಿಂದ ಗೊತ್ತಾ?" ಎಂದಳು ಫೈನೆಸ್. "ನಮ್ಮಿಂದಲೇ. ಕಾಯಿಲೆ ಇದ್ದೋರು ದಡದಲ್ಲಿ ಉಚ್ಚೆ ಹೊಯ್ದರೆ ಮೊಟ್ಟೆ ನೀರಿಗೆ ಹೋಗತ್ತೆ. ಅಲ್ಲಿಂದ ಬಸವನಹುಳುವಿಗೆ. ಅಲ್ಲಿಂದ ಮತ್ತೆ ನಿನ್ನ ಅಳಿಯನಿಗೆ."

"ಒಳ್ಳೇ ಕಥೆ ಕಟ್ತೀಯಮ್ಮ. ನಿನ್ನನ್ನ ರೇಡಿಯೋದವರು ಯಾಕೆ ಕರ್ಕೊಂಡಿಲ್ಲ?"

ವೈಸನ್ ತಾನೇ ನಕ್ಕ. ಅವನ ನಗು ಮುಗಿದಿರಲಿಲ್ಲ, ಮನೆಯ ಹಿಂದಿನ ಕಕ್ಕಸಿನ ಕಡೆಯಿಂದ ಜಿಯೋನೆ ಕೂಗುತ್ತ ಓಡಿಬಂದಳು. ಖುಷಿಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ.

"ಮಾವಾ! ಮಾವಾ! ನಾನೂ ಗಂಡಸಾದೆ! ಹುಂಜ ತಾ!"

ಯಾರಿಗೂ ಏನೂ ತಿಳಿಯಲಿಲ್ಲ. ಎಸ್ನಾತಿ ಎದ್ದು ಓಡಿದಳು. ಕಕ್ಕಸಿನ ಒದ್ದೆ ನೆಲದ ಮೇಲೆ ಕೆಂಪು ಹನಿಗಳಿದ್ದವು. ದಿನಾ ಸಂಜೆ ಪಾತ್ರೆ ತೊಳೆಯುತ್ತೇನೆಂದು ದಡದ ನೀರಿಗಿಳಿದು ಆಡುತ್ತಿದ್ದ ಮಗು.

ಎಸ್ನಾತಿ ಹಿಂದಿರುಗಿ ಬಂದು ಅಣ್ಣನ ಮುಖ ನೋಡಿದಳು. "ರಕ್ತ, ಅಣ್ಣಾ," ಎಂದಳು. ಜಿಯೋನೆ ಮಾವನ ಕೈ ಹಿಡಿದು ಎಳೆದಳು.

"ಲಿಂಬಾನಿಗೆ ಮಾತ್ರ ಕೊಟ್ರೆ ಆಗಲ್ಲ ಮಾವ. ನಂದೂ ಕೆಂಪಗೇ ಇದೆ. ಬೇಕಾದ್ರೆ ಬಂದು ನೋಡು."

ವೈಸನ್ ಕೈಯಲ್ಲಿದ್ದ ಮೀನನ್ನು ಬದಿಗಿಟ್ಟ. ಅವನು ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಹಾಲುಹಲ್ಲೂ ಬೀಳದ ಮಗು. ಇವಳೆಂಥ ಗಂಡಸು? ಇವಳು ದೊಡ್ಡವಳಾಗುವ ಕಾಲವೂ ಇದಲ್ಲ. ಹಾಗಾದರೆ ಲಿಂಬಾನಿಯದೂ ಅದಲ್ಲ. ತನ್ನದೂ ಅದಾಗಿರಲಿಲ್ಲ.

"ಎಸ್ನಾತಿ," ಎಂದ ಅವನು. ಟೀಚರಮ್ಮ ಎನ್ನಲಿಲ್ಲ. "ಹೋದ ವರ್ಷ ಮಕ್ಕಳು ವಾಂತಿ ಮಾಡಿದ್ದು ಸುಳ್ಳಲ್ಲ ತಾನೇ?"

"ಸುಳ್ಳಲ್ಲಣ್ಣ. ಆವತ್ತು ಶಾಲೇಲಿ ಸೌದೆ ಇರಲಿಲ್ಲ. ಗಂಜಿ ಬೇಯಲಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ ಬಿತ್ತು."

"ಖಾಲಿ ಹೊಟ್ಟೇಲಿ ತಲೆ ತಿರುಗತ್ತೆ, ವಾಂತಿ ಬರತ್ತೆ," ಎಂದಳು ಫೈನೆಸ್. "ಹೊಟ್ಟೆ ತುಂಬ ತಿಂದು ನುಂಗಿದ್ರೆ ಹಾಗಾಗೋದು ಕಡಿಮೆ. ಹಾಗೇನಾದ್ರೂ ಆದ್ರೆ ಸ್ವಲ್ಪ ಹೊತ್ತಲ್ಲಿ ಹೋಗತ್ತೆ. ಹುಳ ಸಾಯೋದು ಮುಖ್ಯ."

ವೈಸನ್ ಜಿಯೋನೆಯನ್ನು ತೊಡೆಯಿಂದ ಇಳಿಸಿದ. ಆಮೇಲೆ ಎದ್ದ.

"ಸೌದೆ ತಾನೇ?" ಎಂದ. "ನನಗೆ ಬಿಡಿ."

ಮಾತ್ರೆಯ ದಿನ ಬೆಳಗ್ಗೆ ಎಸ್ನಾತಿ ಕೂಸನ್ನು ಕಟ್ಟಿಕೊಂಡು ಶಾಲೆಗೆ ಹೋದಾಗ ಅವಳಿಗಿಂತ ಮೊದಲೇ ಹೊಗೆ ಎದ್ದಿತ್ತು. ಮುರಿದ ಹಳೇ ದೋಣಿಯೊಂದನ್ನು ಸೀಳಿ ಸೌದೆ ಒಟ್ಟಿದ್ದರು. ದೋಣಿಯವರ ಹೆಂಡತಿಯರು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಗಂಜಿ ತಿರುವುತ್ತಿದ್ದರು. ವೈಸನ್ ಬುಟ್ಟಿ ತುಂಬ ಹುರಿದ ಮೀನು ಹೊತ್ತು ನಿಂತಿದ್ದ. ಯಾವ ಮಗುವಿನ ಬಟ್ಟಲು ಖಾಲಿಯಾದರೂ ಅವನ ಕೈ ಅಲ್ಲಿಗೆ ಹೋಗುತ್ತಿತ್ತು.

"ತಿನ್ನೋ, ತಿನ್ನೋ! ಹೊಟ್ಟೆ ತಮಟೆ ಥರ ಆಗ್ಬೇಕು. ಆಮೇಲೇ ಮಾತ್ರೆ."

ಮಕ್ಕಳನ್ನು ಒಬ್ಬೊಬ್ಬರಾಗಿ ಗುರುತು ಹಾಕಿದ ಕೋಲಿಗೆ ಒರಗಿಸಿ ನಿಲ್ಲಿಸಿದರು. ಎಷ್ಟು ಎತ್ತರವೋ ಅದಕ್ಕೆ ತಕ್ಕಷ್ಟು ಮಾತ್ರೆ. ಲಿಂಬಾನಿ ಕೋಲಿನ ಹತ್ತಿರ ಬಂದಾಗ ಗುಂಪಿನಿಂದ ಒಬ್ಬ ಮುದುಕಿ ಕೂಗಿದಳು:

"ಏ ವೈಸನ್! ನೆನ್ನೆ ಮೊನ್ನೆವರೆಗೂ ವಿಷ ವಿಷ ಅಂತಿದ್ದೆ. ಇವತ್ತು ತಂಗಿ ಮಕ್ಕಳ ಬಾಯಿಗೆ ಹಾಕಿಸ್ತೀಯಲ್ಲ, ನೀನು ಮೊದಲು ನುಂಗಿ ತೋರ್ಸು!"

"ಅದಕ್ಕೇ ಬಂದಿದೀನಿ ಅಜ್ಜಿ!"

ವೈಸನ್ ಕೋಲಿಗೆ ಬೆನ್ನು ಕೊಟ್ಟು ನಿಂತ. ಅವನ ತಲೆ ಕೋಲಿನ ತುದಿಯನ್ನೂ ದಾಟಿತ್ತು. ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು. ಫೈನೆಸ್ ಅವನ ಅಂಗೈ ಮೇಲೆ ಮಾತ್ರೆಗಳನ್ನಿಟ್ಟಳು. ಒಂದೊಂದನ್ನೇ ಬಾಯಿಗೆ ಹಾಕಿ ನೀರು ಕುಡಿದ. ಕಹಿಗೆ ಅವನ ಮುಖ ಒಣಮೀನಿನಂತೆ ಮುದುರಿತು.

"ನಾನು ಇಷ್ಟು ವರ್ಷ ಕಾಯಿಲೇನ ಗಂಡಸುತನ ಅಂದ್ಕೊಂಡು ಹೊತ್ಕೊಂಡು ತಿರುಗಿದೆ," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮ ಜಿಯೋನೆ ನನಗೆ ಪಾಠ ಹೇಳಿಕೊಟ್ಲು. ಮಕ್ಕಳನ್ನ ಕಳಿಸಿ. ನಿಮ್ಮ ಗಂಡಂದಿರನ್ನೂ ಕಳಿಸಿ. ಅವರೂ ಹಲ್ಲು ಕಚ್ಕೊಂಡೇ ಬರೋದು, ನನಗೆ ಗೊತ್ತಿಲ್ವಾ?"

ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬ ದೋಣಿಯವ ತಲೆ ತಗ್ಗಿಸಿ ಸಾಲಿಗೆ ಬಂದ. ಅವನ ಹಿಂದೆ ಇನ್ನೊಬ್ಬ. ಲಿಂಬಾನಿ ನುಂಗಿದ. ಜಿಯೋನೆ ಮಾವನ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ ನುಂಗಿದಳು. ಸಂಜೆ ಒಂದಿಬ್ಬರಿಗೆ ಹೊಟ್ಟೆ ತೊಳಸಿತು, ಮರುದಿನ ಅವರೂ ಆಟಕ್ಕೆ ಬಂದರು. ಆ ದಿನ ಶಾಲೆಯಿಂದ ಒಂದು ಮಗುವನ್ನೂ ಹೊತ್ತುಕೊಂಡು ಹೋಗಬೇಕಾಗಲಿಲ್ಲ.

ಮಾತ್ರೆ ಒಳಗಿನ ಹುಳುವನ್ನು ಕೊಲ್ಲುತ್ತದೆ, ಹೊಸ ಹುಳು ಬರುವುದನ್ನು ತಡೆಯುವುದಿಲ್ಲ ಎಂದು ಫೈನೆಸ್ ಹೇಳಿದ್ದಳು. ಅದಕ್ಕೆ ದೋಣಿಯವರು ದೋಣಿ ನಿಲ್ಲಿಸುವ ಜಾಗದಿಂದ ದೂರ, ಎತ್ತರದಲ್ಲಿ ಕಕ್ಕಸು ಕಟ್ಟಿದರು. ಹೊಂಡ ತೋಡುವಾಗ ಮೊದಲ ಗುದ್ದಲಿ ವೈಸನ್‌ನದು. ಪಾತ್ರೆ ತೊಳೆಯುವುದು, ಮಕ್ಕಳ ಸ್ನಾನ ಎಲ್ಲ ಕೈಪಂಪಿನ ನೀರಿಗೆ ಬಂತು.

ಮಾವಿನ ಮರ ಹೂ ಬಿಡುವ ಹೊತ್ತಿಗೆ ಪಕ್ಕದ ಊರಿನ ಶಾಲೆಯೊಂದಿಗೆ ಫುಟ್ಬಾಲ್ ಆಟವಿತ್ತು. ಎಸ್ನಾತಿ ಒಂದನೇ ತರಗತಿಯ ಮಕ್ಕಳನ್ನೆಲ್ಲ ಬಯಲಿನ ಸುತ್ತ ಕೂರಿಸಿದ್ದಳು. ಲಿಂಬಾನಿ ಚೆಂಡು ಒದ್ದುಕೊಂಡು ಓಡಿದ. ಹಿಂದೆ ಬಂದವರೆಲ್ಲ ಹಿಂದೆಯೇ ಉಳಿದರು. ಗೋಲು ಬಿದ್ದಾಗ ಎಸ್ನಾತಿ ತಾನು ಟೀಚರ್ ಎಂಬುದನ್ನೇ ಮರೆತು, ಬೆನ್ನ ಮೇಲಿನ ಕೂಸಿನ ಸಮೇತ ಕುಣಿದಳು. ಆರನೇ ತರಗತಿಯ ಮೇಷ್ಟ್ರು ದೂರದಿಂದಲೇ ಕೈ ಎತ್ತಿ ಕೂಗಿದರು:

"ಮೇಡಂ, ತಲೆ ಬೆಂಚಿನ ಮೇಲಿಂದ ಎದ್ದಿದೆ!"

ಅಷ್ಟರಲ್ಲಿ ಶಾಲೆಯ ಕಕ್ಕಸಿನ ಕಡೆಯಿಂದ ಜಿಯೋನೆ ಓಡಿಬಂದಳು. ಊರಿಗೆಲ್ಲ ಕೇಳುವ ದನಿ.

"ಮಾವಾ! ಕೆಂಪಗಿಲ್ಲ! ಇವತ್ತೂ ಕೆಂಪಗಿಲ್ಲ! ನಾನಿನ್ನು ಗಂಡಸಲ್ಲ!"

ಬಯಲಿಗೆ ಬಯಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ವೈಸನ್. ಅವನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದ ಬುಟ್ಟಿಯನ್ನು ಮುಂದೆ ತಂದ. ಒಳಗೆ ಕೆಂಪು ಜುಟ್ಟಿನ ಹುಂಜ ಕತ್ತು ಚಾಚಿ ನೋಡುತ್ತಿತ್ತು.

"ತಗೋಳವ್ವ," ಎಂದ. "ಈ ಸಲ ಗೆದ್ದೋಳು ನೀನು."

ನೀರಿನ ದಡದಲ್ಲಿ ಬಾಳುವ ಅಮ್ಮಂದಿರೇ, ಮಾವಂದಿರೇ, ಇದು ನಿಮ್ಮ ಮನೆಯ ಮಾತೂ ಹೌದು. ಮಗುವಿನ ಉಚ್ಚೆಯಲ್ಲಿ ರಕ್ತ ಕಂಡರೆ ಹಿಗ್ಗಬೇಡಿ, ನಾಚಿ ಮುಚ್ಚಿಡಲೂ ಬೇಡಿ. ಗಂಡಾಗಲಿ ಹೆಣ್ಣಾಗಲಿ, ಅದು ಕಾಯಿಲೆ. ಆರೋಗ್ಯ ಕಾರ್ಯಕರ್ತೆಗೆ ಹೇಳಿ. ಶಾಲೆಯಲ್ಲಿ ಮಾತ್ರೆ ಕೊಡುವ ದಿನ ಮಗುವಿಗೆ ಮೊದಲು ಹೊಟ್ಟೆ ತುಂಬ ಉಣಿಸಿ, ಆಮೇಲೆ ಮಾತ್ರೆಗೆ ಕಳಿಸಿ. ಕೊಟ್ಟಾಗಲೆಲ್ಲ ಕೊಡಿಸಿ. ನೀರಿನ ದಡವನ್ನು ಕಕ್ಕಸು ಮಾಡಬೇಡಿ. ನಿಮ್ಮ ಮನೆಯಲ್ಲೂ ಒಬ್ಬ ಲಿಂಬಾನಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿರಬಹುದು. ಇವತ್ತೇ ಅವನನ್ನು ಕರೆದು ಕೇಳಿ. ಓಡಬೇಕಾದ ಮಗು ಓಡಲಿ.