ಹೊರಗೆ ಹೇಳುವ ಕಾಯಿಲೆ

"ಎದೆ ಮೇಲಿನ ಬಟ್ಟೆ ತೆಗೀಬೇಡ, ಹಾಗೇ ನೀರು ಹಾಕು," ಎಂದಳು ಸತ್ತವಳ ಅತ್ತೆ ಹಾಜಿಯಮ್ಮ, ತಲೆವಸ್ತ್ರದ ಅಂಚನ್ನು ಮೂಗಿಗೊತ್ತಿಕೊಂಡು.

ಹೆಣ ತೊಳೆಯುತ್ತಿದ್ದ ವಗೀದಾ ತಂಬಿಗೆ ಕೆಳಗಿಟ್ಟು ಬಟ್ಟೆಯನ್ನು ತೆಗೆದೇಬಿಟ್ಟಳು. ಅಕ್ಕ ನಗಾತಳ ಎಡಎದೆಯ ಹುಣ್ಣು ಕಂಕುಳವರೆಗೆ ಬಾಯಿ ಬಿಟ್ಟಿತ್ತು. ಕರ್ಪೂರದ ನೀರಿಗೂ ಜಗ್ಗದ ವಾಸನೆ. ಆದರೆ ವಗೀದಾಳಿಗೆ ಹೇಸಿಗೆ ಹುಟ್ಟಿಸಿದ್ದು ಬಾಗಿಲಲ್ಲಿ ನಿಂತ ಮುದುಕಿ ಮುಚ್ಚಿಕೊಂಡ ಆ ಮೂಗು.

"ಹೊರಗೆ ಲಿವರ್ ಕಾಯಿಲೆ ಅಂತ ಹೇಳಿದೀವಿ. ತೊಳೆದವಳು ಕಂಡದ್ದನ್ನ ಆಡಬಾರದು, ಗೊತ್ತಲ್ಲ?"

"ಗೊತ್ತು ಹಾಜಿಯಮ್ಮ. ಅದು ಸತ್ತೋಳ ಮಾನ ಮುಚ್ಚೋಕೆ ಅಂತ ಇರೋದು. ನಿಮ್ಮದನ್ನಲ್ಲ."

*

ಕೈರೋದಿಂದ ದೂರದ ಆ ಹಳ್ಳಿಯಲ್ಲಿ ನಗಾತ್ ಮೂವತ್ತು ವರ್ಷ ಮಾಳಿಗೆಯ ಮೇಲೆ ಬಾತುಕೋಳಿ ಸಾಕಿ ಮಂಗಳವಾರದ ಸಂತೆಯಲ್ಲಿ ಮಾರಿದವಳು. ರೆಕ್ಕೆಯಡಿ ಬೆರಳಾಡಿಸಿದರೆ ಸಾಕು, ಯಾವುದಕ್ಕೆ ರೋಗ ಹತ್ತಿದೆ ಎಂದು ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬಾತುಗಳಿಗೆ ನೆನೆಸಿದ ರೊಟ್ಟಿ ಹಾಕುತ್ತಿದ್ದವಳು ತಂಗಿಯ ಕೈಯನ್ನು ತನ್ನ ಎದೆಗೊತ್ತಿಕೊಂಡಳು.

"ಗಂಟು ಕಡಲೆಕಾಳಿನಷ್ಟಿದೆ, ಅಲ್ವೇನೇ?"

"ನಾಳೇನೇ ಆಸ್ಪತ್ರೆಗೆ ಹೋಗೋಣ ಅಕ್ಕ."

ನಗಾತಳ ಗಂಡ ಶಹಾತ ಹೋಗಗೊಡಲಿಲ್ಲ. "ಯಾವನೋ ಡಾಕ್ಟರು ಕೈ ಹಾಕಬೇಕಾ? ಆ ಕೆಟ್ಟ ರೋಗ ಅಂತ ಊರಿಗೆ ಗೊತ್ತಾದ್ರೆ ನಮ್ಮ ಸಮಾಹ್‌ನ ಯಾರು ಮಾಡ್ಕೋತಾರೆ? ತಾಯಿಗೆ ಬಂದದ್ದು ಮಗಳಿಗೂ ಬರತ್ತೆ ಅಂತಾರೆ."

ಹಾಜಿಯಮ್ಮ ಕರಿಜೀರಿಗೆ ಅರೆದು ಜೇನಿನಲ್ಲಿ ಕಲಸಿ ಹಚ್ಚಿದಳು. ಮಗಳ ನಿಶ್ಚಿತಾರ್ಥ ಮುಗಿಯಲಿ ಎಂದು ನಗಾತಳೂ ಸುಮ್ಮನಾದಳು. "ನನ್ನಾಣೆ, ಬಾಯಿ ಬಿಡಬೇಡ," ಎಂದಳು ತಂಗಿಗೆ. ವಗೀದಾ ಬಾಯಿ ಬಿಡಲಿಲ್ಲ.

ನಿಶ್ಚಿತಾರ್ಥದ ಹೊತ್ತಿಗೆ ಗಂಟು ಒಡೆದಿತ್ತು. ಕೊನೆಗೆ ಕೈರೋಗೆ ಕರೆದೊಯ್ದರೆ ಅಲ್ಲಿದ್ದ ಡಾಕ್ಟರು ಹೆಂಗಸೇ. "ಇಷ್ಟು ದಿನ ಎಲ್ಲಿದ್ರಿ? ಈಗ ಕೈ ಮೀರಿದೆ," ಎಂದಳು ಆಕೆ. ಮನೆಗೆ ಬಂದ ಮೇಲೆ ವಾಸನೆ ತಡೆಯಲಾರದೆ ಅವಳ ಹಾಸಿಗೆಯನ್ನು ಮಾಳಿಗೆಗೆ ಸಾಗಿಸಿದರು, ಬಾತುಗೂಡಿನ ಪಕ್ಕಕ್ಕೆ.

*

ಮಣ್ಣು ಮಾಡಿ ಬಂದ ಮೇಲೆ ಗಂಡಸರು ಬೀದಿಯ ಶಾಮಿಯಾನದಲ್ಲಿ ಕೂತರು, ಹೆಂಗಸರು ನಡುಮನೆಯಲ್ಲಿ. ಸಾವಿನ ಮನೆಯ ರೂಢಿಯಂತೆ ಸಕ್ಕರೆಯಿಲ್ಲದ ಕಾಫಿ ಸುತ್ತು ಬಂತು.

"ಲಿವರ್ ಅಂತೆ, ಪಾಪ," ಎಂದಳು ಸಮಾಹ್‌ಳ ಭಾವೀ ಅತ್ತೆ ಬುಸೈನಾ.

"ಹೂಂ, ಲಿವರ್ರೇ," ಎಂದಳು ಹಾಜಿಯಮ್ಮ. "ಕೊನೆವರೆಗೂ ರಾಣಿ ಹಾಗೆ ನೋಡ್ಕೊಂಡ್ವಿ."

ವಗೀದಾ ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದಳು. "ರಾಣೀನ ಬಾತುಗಳ ಹತ್ರ ಮಲಗಿಸಿದ್ರಿ! ಲಿವರ್ ಅಲ್ಲ ಕಣ್ರೇ, ಮೊಲೆ ಕ್ಯಾನ್ಸರ್. ಗಂಟು ಸಣ್ಣದಿದ್ದಾಗ ನನ್ನ ಕೈಗೇ ಸಿಕ್ಕಿತ್ತು. ಇವರು ಮಾನ ಅಂದ್ರು, ನಾನು ಬಾಯಿ ಮುಚ್ಕೊಂಡೆ. ಎಲ್ಲರೂ ಸೇರಿ ಸಾಯಿಸಿದ್ವಿ."

"ಥೂ, ಸಾವಿನ ಮನೇಲಿ ಎಂಥ ಮಾತು!" ಎಂದಿತು ಒಂದು ದನಿ.

ಬುಸೈನಾ ಸಮಾಹ್‌ಳ ಕಡೆ ತಿರುಗಿಯೂ ನೋಡದೆ ಎದ್ದು ಹೊರಟಳು.

"ಹುಡುಗಿ ಬಾಳಿಗೆ ಕಲ್ಲು ಹಾಕಿದೆಯಲ್ಲೇ!" ಹಾಜಿಯಮ್ಮ ಹಲ್ಲು ಕಡಿದಳು. ಸಮಾಹ್ ಮಾತ್ರ ಚಿಕ್ಕಮ್ಮನ ಪಕ್ಕಕ್ಕೆ ಸರಿದು ಕೂತಳು.

ಸ್ವಲ್ಪ ಹೊತ್ತಿಗೆ ವಗೀದಾ ಅಡುಗೆಮನೆಗೆ ಹೋಗಿ ಲೋಟ ತೊಳೆಯತೊಡಗಿದಳು. ಹಿತ್ತಿಲ ಬಾಗಿಲು ಕಿರುಗುಟ್ಟಿತು. ಬುಸೈನಾ, ಒಬ್ಬಳೇ. ಒಳಗೆ ಬಂದು ಬಾಗಿಲು ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಶುರುವಿನಲ್ಲಿ ನೋವಿತ್ತಾ ಅವಳಿಗೆ?"

"ಇರಲಿಲ್ಲ."

 ಬುಸೈನಾಳ ಬಲಗೈ ಕರಿನಿಲುವಂಗಿಯ ಒಳಗೆ, ಎಡಕಂಕುಳ ಹತ್ತಿರ ಹೋಗಿತ್ತು. ಏನನ್ನೋ ಒತ್ತಿಕೊಂಡು ಅಲ್ಲೇ ನಿಂತಿತ್ತು, ಹೊರಗೆ ಬರಲಿಲ್ಲ.