ಗಡಿಯಾರದ ಮಾವನ ಅಲಸಂದೆ ಬಳ್ಳಿ

ಅಲಸಂದೆ ಬಳ್ಳಿಗೆ ಹೇನು ಹತ್ತಿದರೆ ಏನಾಗುತ್ತದೆ ಎಂದು ಗಿಡ ಬೆಳೆಸಿದವರಿಗೆಲ್ಲ ಗೊತ್ತು. ಕುಡಿ ಮುರುಟಿಕೊಳ್ಳುತ್ತದೆ, ಎಲೆ ಅಂಟಂಟಾಗುತ್ತದೆ, ಹೂವು ಕಾಯಿ ಕಟ್ಟುವ ಮೊದಲೇ ಉದುರುತ್ತದೆ. ನಮ್ಮ ಪಕ್ಕದ ಮನೆಯ ಹಿತ್ತಿಲಿನಲ್ಲೂ ಹಾಗೇ ಆಗಿತ್ತು.

ಆ ಮನೆಯವರನ್ನು ನಾನು ಗಡಿಯಾರದ ಮಾವ ಎನ್ನುತ್ತೇನೆ. ನಂಟೇನಿಲ್ಲ, ನಡುವೆ ಎದೆಮಟ್ಟದ ಒಂದು ಗೋಡೆ ಇದೆ, ಅಷ್ಟೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹೋದ ವರ್ಷ ಅವರ ಹೆಂಡತಿ ತೀರಿಕೊಂಡರು. ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ಆಮೇಲೆ ಮಾವ ಅಂಗಡಿ ಮುಚ್ಚಿದರು, ಮಾತನ್ನೂ ಮುಚ್ಚಿದರು. ಸಂಜೆ ಚಹಾ ಲೋಟ ಹಿಡಿದು ಗೋಡೆಯ ಹತ್ತಿರ ಬಂದು ನಿಂತು ಕುಡಿಯುತ್ತಿದ್ದರು, ಯಾರಾದರೂ ಕಣ್ಣಿಗೆ ಬೀಳಲಿ ಎಂದು. ನಾನು ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುವವಳು. ನನ್ನ ಮನೆಗೆ ಬೆಳಿಗ್ಗೆ ಬೀಗ ಹಾಕುವವಳೂ ನಾನೇ, ಸಂಜೆ ತೆಗೆಯುವವಳೂ ನಾನೇ. ಅವರು ಯಾಕೆ ಅಲ್ಲಿ ನಿಲ್ಲುತ್ತಾರೆಂದು ನನಗೆ ಅರ್ಥವಾಗುತ್ತಿತ್ತು. ಆದರೂ "ಚಹಾ ಆಯ್ತಾ ಮಾವ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಅಲಸಂದೆ ಅತ್ತೆಯ ತಳಿ. ಬಿಳಿ ಬೀಜ, ಅದರ ಮೇಲೆ ನೇರಳೆ ಮಚ್ಚೆ. ಎಲ್ಲೂ ಕೊಳ್ಳಲು ಸಿಗುವುದಿಲ್ಲ. ಪ್ರತಿ ವರ್ಷ ಹಳೆಯ ಕೈಗಡಿಯಾರದ ಡಬ್ಬಿಯಲ್ಲಿ ಬೀಜ ತೆಗೆದಿಡುತ್ತಿದ್ದರು. ಕೊನೆಯ ವರ್ಷ ಆಸ್ಪತ್ರೆಯಲ್ಲೇ ಕಳೆಯಿತು, ಬೀಜ ಯಾರು ತೆಗೆದಿಡುತ್ತಾರೆ? ಡಬ್ಬಿಯಲ್ಲಿ ಆರು ಕಾಳು ಉಳಿದಿದ್ದವು. ಮಾವ ಆರನ್ನೂ ಹಾಕಿದರು. ಮೂರು ಹುಟ್ಟಿದವು. ಹೇನು ಹತ್ತಿದಾಗ ಮಗಳು ತಂದುಕೊಟ್ಟ ವಿಷವನ್ನು ಅಂದಾಜಿನಲ್ಲಿ ಬೆರೆಸಿ ಹೊಡೆದರು. ಎರಡು ಬಳ್ಳಿ ಸುಟ್ಟುಹೋದವು. ಹೇನು ಹದಿನೈದೇ ದಿನದಲ್ಲಿ ಇಮ್ಮಡಿಯಾಗಿ ಬಂತು. ಉಳಿದದ್ದು ಒಂದೇ ಬಳ್ಳಿ. ಅದು ಕಾಯಿ ಬಿಡದಿದ್ದರೆ ಅತ್ತೆಯ ಅಲಸಂದೆ ಅಲ್ಲಿಗೆ ಮುಗಿಯಿತು.

ನನಗೆ ರಜೆಯಿದ್ದ ಒಂದು ಬೆಳಿಗ್ಗೆ ನೋಡಿದರೆ, ಮಾವ ಬಳ್ಳಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಒಂದು ಕಣ್ಣಿಗೆ ಗಡಿಯಾರ ನೋಡುವ ಭೂತಗನ್ನಡಿ, ಕೈಯಲ್ಲಿ ಚಿಮುಟ, ಕಾಲ ಬಳಿ ಸೋಪಿನ ನೀರಿನ ಬಟ್ಟಲು.

"ಏನ್ ಮಾವ, ಮತ್ತೆ ಅಂಗಡಿ ತೆಗೆದ್ರಾ?"

"ಹೂಂ ಕಣಮ್ಮ. ಬೆಳಿಗ್ಗೆಯಿಂದ ನಲವತ್ತೊಂದು ಹಿಡಿದಿದ್ದೀನಿ. ಎಲೆಗೆ ಒಂದು ಗೀರೂ ಬಿದ್ದಿಲ್ಲ ನೋಡು."

ಗೋಡೆಯ ಮೇಲಿಂದ ಬಗ್ಗಿ ಬಟ್ಟಲು ನೋಡಿದೆ. ಅದರಲ್ಲಿ ಒಂದೂ ಹೇನಿರಲಿಲ್ಲ. ಎಲ್ಲ ಉದ್ದನೆಯ ಕಪ್ಪು ಹುಳುಗಳು, ಬೆನ್ನ ಮೇಲೆ ಮುಳ್ಳು, ಹಳದಿ ಮಚ್ಚೆ.

"ಇದು ಯಾವ ಹುಳು ಗೊತ್ತಾ ಮಾವ?"

"ಬಳ್ಳಿ ತಿನ್ನೋ ಹುಳು, ಇನ್ಯಾವುದು? ಮುಖ ನೋಡು ಅದರದ್ದು. ಹೇನು ಪಾಪ ಸಣ್ಣದು. ಇದೇ ಅವುಗಳ ಅಪ್ಪನೋ ಅಮ್ಮನೋ ಇರಬೇಕು."

ನನ್ನ ಬಾಯಿ ಸ್ವಲ್ಪ ಜೋರು. "ಅಯ್ಯೋ ಮಾವ, ಕಳ್ಳರನ್ನ ಬಿಟ್ಟು ಕಾವಲಿನವರನ್ನ ಮುಳುಗಿಸಿದ್ದೀರಲ್ಲ. ಇದು ಗುಲಗಂಜಿ ಹುಳುವಿನ ಮರಿ. ಕೆಂಪು ಬೆನ್ನು, ಕರಿ ಚುಕ್ಕೆ ಇರುತ್ತಲ್ಲ, ದುಂಡಗೆ, ಅದರದ್ದು. ದೊಡ್ಡದಾಗೋವರೆಗೂ ಇದಕ್ಕೆ ಹೇನೇ ಊಟ. ಒಂದೊಂದು ಮರಿ ನೂರಾರು ಹೇನು ತಿನ್ನುತ್ತೆ. ನೀವು ಮೊದಲು ವಿಷ ಹೊಡೆದಾಗಲೂ ಇವೇ ಸತ್ತಿದ್ದು. ಅದಕ್ಕೇ ಹೇನು ಅಷ್ಟು ಬೇಗ ಹೆಚ್ಚಿದ್ದು."

ಮಾವ ಕನ್ನಡಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನಿಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ ಆಯ್ತು ಕಣಮ್ಮ. ಏನು ಮಾಡಬೇಕು ಅಂತ ತಿಳೀದೆ ಏನೇನೋ ಮಾಡಿದೆ. ಕೈ ಕಟ್ಟಿ ಕೂತ್ಕೊಳ್ಳೋಕಾಗಲಿಲ್ಲ."

ಅಷ್ಟು ಜೋರಾಗಿ ಹೇಳಬಾರದಿತ್ತು ಎನಿಸಿತು. ಸುತ್ತಿ ಬಂದು ಅವರ ಹಿತ್ತಿಲಿಗೆ ಹೋದೆ. ಅತ್ತೆ ಹೋದ ಮೇಲೆ ಆ ಬಾಗಿಲು ದಾಟಿದ್ದು ಅದೇ ಮೊದಲು. ಎಲೆಗಳನ್ನು ಒಂದೊಂದಾಗಿ ಮಗುಚಿದೆ. ಒಂದರ ಕೆಳಗೆ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ನಿಂತಿದ್ದವು.

"ಇವು ಅದರದ್ದೇ ಮೊಟ್ಟೆ ಮಾವ."

"ಅದನ್ನ ಈಗ ಒರೆಸೋಣ ಅಂತಿದ್ದೆ."

"ಒರೆಸಿದ್ರೆ ನಿಮ್ಮ ಜೊತೆ ಮಾತು ಬಿಡ್ತಿದ್ದೆ."

ನಾನು ತಮಾಷೆಗೆ ಅಂದದ್ದು. ಮಾವ ಗಂಭೀರವಾಗಿ, "ಹಾಗಾದ್ರೆ ಮುಟ್ಟಲ್ಲಮ್ಮ" ಎಂದರು. ನನಗೆ ನಗು ಬರಲಿಲ್ಲ.

ಮೇಲಿನ ಕುಡಿಯಲ್ಲಿ ಚಿಮುಟಕ್ಕೆ ಸಿಗದ ಒಂದು ಮರಿ ಉಳಿದಿತ್ತು. "ಕನ್ನಡಿ ಹಾಕ್ಕೊಂಡು ನೋಡಿ" ಎಂದೆ. ಮಾವ ನೋಡಿದರು. ಮರಿ ಒಂದು ಹೇನನ್ನು ಹಿಡಿದು, ಮುಗಿಸಿ, ಇನ್ನೊಂದಕ್ಕೆ ಬಾಯಿ ಹಾಕಿತು.

"ಹೇನು ಖಾಲಿ ಆದ್ಮೇಲೆ ನನ್ನ ಬಳ್ಳಿಗೇ ಬಾಯಿ ಹಾಕಿದ್ರೆ?"

"ಇದಕ್ಕೆ ಎಲೆ ಬೇಡ ಮಾವ. ಇಲ್ಲಿ ಹೇನು ಮುಗಿದ್ರೆ ಬೇರೆ ಕಡೆ ಹುಡುಕ್ಕೊಂಡು ಹೋಗುತ್ತೆ."

ಇರುವೆಗಳ ಕಥೆಯನ್ನೂ ಹೇಳಿದೆ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಓಡಿಸುತ್ತದೆ. ಮಾವ ಕೂಡಲೇ ಎದ್ದು ಬಳ್ಳಿಯ ಬುಡಕ್ಕೂ ಕೋಲಿಗೂ ಬಟ್ಟೆ ಸುತ್ತಿ, ಇರುವೆ ಹತ್ತದ ಹಾಗೆ ಬಟ್ಟೆಯ ಮೇಲೆ ಗ್ರೀಸ್ ಹಚ್ಚಿದರು. ಎಷ್ಟು ಅಚ್ಚುಕಟ್ಟಾಗಿ ಎಂದರೆ ಒಂದು ಚೂರೂ ಕಾಂಡಕ್ಕೆ ತಾಗಲಿಲ್ಲ. ಮರುದಿನ ನಾನು ನರ್ಸರಿಯಿಂದ ಹನ್ನೆರಡು ಮರಿಗಳನ್ನು ಎಲೆಯ ಸಮೇತ ಡಬ್ಬಿಯಲ್ಲಿ ತಂದು ಬಳ್ಳಿಗೆ ಬಿಟ್ಟೆ. ಅಲ್ಲಿ ನಾವು ವಿಷ ಹೊಡೆಯುವುದಿಲ್ಲ.

ಮಗಳು ಫೋನಿನಲ್ಲಿ ರೇಗಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಹುಳ ಓಡಿಸೋಕೆ ಹುಳ ಬಿಡ್ತಾರಾ ಅಪ್ಪಾ? ಯಾರೋ ಹೇಳಿದ್ರು ಅಂತ..."

"ಯಾರೋ ಅಲ್ಲ. ಪಕ್ಕದ ಮನೆಯವಳು" ಎಂದರು ಮಾವ.

ಆಮೇಲೆ ದಿನವೂ ನಾನು ಬೀಗ ತೆಗೆಯುವ ಸದ್ದಿಗೆ ಗೋಡೆಯಾಚೆಯಿಂದ ವರದಿ ಬರುತ್ತಿತ್ತು. ಮೊಟ್ಟೆ ಒಡೆಯಿತು. ಒಂದು ಮರಿ ಎಲೆಗೆ ಅಂಟಿಕೊಂಡು ಅಲುಗಾಡದೆ ಕೂತಿದೆ, ಸತ್ತಿತೇನಮ್ಮ? ಇಲ್ಲ ಮಾವ, ಒಳಗೆ ರೆಕ್ಕೆ ಬರ್ತಿದೆ. ಮೂರು ವಾರದಲ್ಲಿ ಕುಡಿಗಳು ಬಿಚ್ಚಿಕೊಂಡವು, ಹೇನು ಅಲ್ಲೊಂದು ಇಲ್ಲೊಂದು ಉಳಿಯಿತು. ಮಗಳು ಬಂದಾಗ ಬಳ್ಳಿಯಲ್ಲಿ ಏಳು ಕಾಯಿ ತೂಗುತ್ತಿದ್ದವು. ಅವಳು ಅಮ್ಮನ ಅಲಸಂದೆಯನ್ನು ಮುಟ್ಟಿ ನೋಡಿ, ಮೂಲೆಯಲ್ಲಿದ್ದ ವಿಷದ ಬಾಟಲಿಯನ್ನು ಅಂಗಡಿಗೆ ವಾಪಸು ಕೊಡಲು ತಾನೇ ಎತ್ತಿಕೊಂಡಳು.

ಕಾಯಿ ಒಣಗಿದ ಮೇಲೆ ಮಾವ ಗೋಡೆಯ ಹತ್ತಿರ ಎರಡು ಡಬ್ಬಿ ತಂದರು. ಎರಡರಲ್ಲೂ ನೇರಳೆ ಮಚ್ಚೆಯ ಬೀಜ.

"ಒಂದು ನಿನಗೆ. ಎರಡು ಮನೇಲಿ ಇರಲಿ. ಒಬ್ಬರೇ ಇಟ್ಕೊಂಡ್ರೆ ಯಾವತ್ತೋ ಕಳೆದುಹೋಗುತ್ತೆ."

ಅಕ್ಕಂದಿರೇ, ಅಣ್ಣಂದಿರೇ, ಗಿಡಕ್ಕೆ ಹೇನು ಬಂದರೆ ವಿಷಕ್ಕೆ ಕೈ ಹಾಕುವ ಮೊದಲು ಎಲೆ ಮಗುಚಿ ನೋಡಿ. ಹಳದಿ ಮೊಟ್ಟೆಯೋ ಮುಳ್ಳಿನ ಮರಿಯೋ ಇದ್ದರೆ ಅವುಗಳ ಪಾಡಿಗೆ ಬಿಡಿ, ಎರಡು ಮೂರು ವಾರ ತಾಳಿ. ಇರುವೆ ತಡೆಯಿರಿ. ನಾಲ್ಕು ಕೊತ್ತಂಬರಿ ಗಿಡಗಳನ್ನು ಕೀಳದೆ ಹೂವಿಗೆ ಬಿಡಿ, ಗುಲಗಂಜಿ ಹುಳು ಅದನ್ನು ಹುಡುಕಿಕೊಂಡು ಬರುತ್ತದೆ. ಯಾವುದು ಕಳ್ಳ, ಯಾವುದು ಕಾವಲು ಎಂದು ತಿಳಿಯದಿದ್ದರೆ ಒಂದು ಎಲೆ ಕಿತ್ತುಕೊಂಡು ಗಡಿಯಾರದ ಮಾವನ ಗೋಡೆಯ ಹತ್ತಿರ ಬನ್ನಿ. ಸಂಜೆ ಅಲ್ಲೇ ಇರುತ್ತಾರೆ, ಕನ್ನಡಿ ಹಾಕಿಕೊಂಡು ತೋರಿಸುತ್ತಾರೆ. ನಿಮಗೆ ಗೊತ್ತಿದ್ದರೂ ಒಮ್ಮೆ ಬನ್ನಿ. ಚಹಾ ಅವರು ಈಗಲೂ ಇಬ್ಬರಿಗೆ ಆಗುವಷ್ಟು ಮಾಡುತ್ತಾರೆ.