ಸೊಕ್ಕೆಯಲ್ಲಿ ತಪ್ಪಿದ ಊಟ

ಮಗನ ಬೈಕಿನಿಂದ ಸೊಕ್ಕೆಯಲ್ಲಿ ಇಳಿಯುವಾಗಲೂ ಗಾದ್ರಮ್ಮ ಕ್ಷಮೆ ಕೇಳುವ ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು. ಮಗ ಮಾರುತೇಶನನ್ನು ಚಹಾ ಅಂಗಡಿಯ ಹತ್ತಿರವೇ ನಿಲ್ಲಿಸಿದಳು.

"ಮೊದ್ಲು ನಾ ಹೋಗಿ ತಪ್ಪಾತು ಅಂತೀನಿ. ಆಮ್ಯಾಲೆ ನೀ ಬಾ. ಅಳಿಯ ಆಗೋನು ಬಾಗಿಲಾಗೆ ಕೈಮುಗಿದು ನಿಂತ್ರೆ ಚೆಂದ ಕಾಣಲ್ಲ."

ಅವರ ಪೈಕಿಯಲ್ಲಿ ಹೆಣ್ಣಿನ ಮನೆಯಲ್ಲಿ ಗಂಡಿನವರು ಊಟ ಮಾಡಿದರೆಂದರೆ ಸಂಬಂಧ ಒಪ್ಪಿದಂತೆ. ಅಲ್ಲಿಯವರೆಗೆ ಮಂಡಕ್ಕಿ, ಚಹಾ, ಅಷ್ಟೇ. ಈ ಊರಿನ ದುರ್ಗಾಂಬಿಕಾಳನ್ನು ನೋಡಿದ ದಿನ ಇವರೂ ಚಹಾ ಕುಡಿದೇ ಎದ್ದಿದ್ದರು. ತಮ್ಮೂರು ಜಗಳೂರಿಗೆ ವಾಪಸು ಬಂದ ಮೇಲೆ ಮಾರುತೇಶ ತನ್ನ ಪಂಕ್ಚರ್ ಅಂಗಡಿಯಲ್ಲಿ ಒಬ್ಬೊಬ್ಬನೇ ನಗುವುದನ್ನು ಕಂಡು ಗಾದ್ರಮ್ಮ ಹೂಂ ಅಂದಳು. ಹುಡುಗಿಯ ಅಪ್ಪ ಚಿಕ್ಕಹನುಮಂತಪ್ಪ ಭಾನುವಾರ ಸಂಜೆಯ ಊಟಕ್ಕೆ ಕರೆದ.

ಅದೇ ಭಾನುವಾರ ಮಧ್ಯಾಹ್ನ ಗಾದ್ರಮ್ಮನ ಮೈದುನ ತೀರಿಕೊಂಡ. ಸೂತಕದಲ್ಲಿ ಶುಭಕಾರ್ಯದ ಮನೆಗೆ ಹೋಗುವಂತಿಲ್ಲ, ಅದು ಸರಿ. ಆದರೆ ನಮ್ಮ ಗಾದ್ರಮ್ಮನ ಶಾಸ್ತ್ರ ಯಾವಾಗಲೂ ಒಂದು ಕೈ ಜಾಸ್ತಿ. ಫೋನ್ ಮಾಡಹೊರಟ ಮಗನ ಕೈಯಿಂದ ಅದನ್ನು ಕಸಿದು, ಸ್ವಿಚಾಫ್ ಮಾಡಿಸಿ, ಟ್ರಂಕಿನಲ್ಲಿಟ್ಟು ಬೀಗ ಜಡಿದಳು.

"ಹೋಳಿಗೆ ಬೇಯೋ ಮನೆಗೆ ಸಾವಿನ ಸುದ್ದಿ ಮುಟ್ಟಿಸ್ತಿಯೇನೋ? ಹಾಲುತುಪ್ಪ ಬಿಟ್ಟು ಸೂತಕ ಮುಗೀಲಿ, ನಾನೇ ಹೋಗಿ ಹೇಳ್ತೀನಿ."

ಲಾರಿಯ ಚಕ್ರ ಬಿಚ್ಚುವ ಗಂಡಸು ಅವ್ವನ ಮುಂದೆ ತೆಪ್ಪಗಾದ. ಅವನದೂ ತಪ್ಪೇ ಅನ್ನಿ.

ಈಗ ಸೂತಕ ಕಳೆದು ಬಂದು ನೋಡಿದರೆ, ಚಿಕ್ಕಹನುಮಂತಪ್ಪನ ಬಾಗಿಲಿಗೆ ಮಾವಿನ ತೋರಣ ಇನ್ನೂ ಹಾಗೇ ಇತ್ತು. ನಮಗಾಗಿ ಕಟ್ಟಿದ್ದನ್ನು ಬಿಚ್ಚಿಲ್ಲವಲ್ಲ ಎಂದು ಗಾದ್ರಮ್ಮನಿಗೆ ಹೋದ ಜೀವ ಬಂದಂತಾಯಿತು.

"ತಪ್ಪಾತಣ್ಣ. ನಮ್ ಮೈದುನ ಹೋಗಿಬಿಟ್ಟ. ಮಂಗಳದ ಮನೆಗೆ ಆ ಮಾತು ಯಾಕೆ ಅಂತ ಫೋನ್ ಮಾಡ್ಲಿಲ್ಲ."

ಚಿಕ್ಕಹನುಮಂತಪ್ಪ ಕಂಬ ಹಿಡಿದು ಕುಸಿದು ಕೂತ.

"ಸಾವಾಗಿತ್ತಾ? ಅಯ್ಯೋ ತಾಯಿ, ಒಂದ್ ಮಾತು ಹೇಳಾಕೆ ಏನಾಗಿತ್ರೀ ನಿಮಗೆ? ಹುಡುಗಿ ಬ್ಯಾಡ ಅಂತ ಬಿಟ್ರು ಅಂದ್ಕಂಡ್ವಿ. ಎಲೆ ಹಾಕಿತ್ತು, ಊರೆಲ್ಲ ನೋಡ್ತಿತ್ತು. ನನ್ ಹೆಂಡ್ತಿ ಅಣ್ಣ ಬೋರಣ್ಣ, 'ನನ್ ತಂಗಿ ಮಗಳು ನಗೆಪಾಟಲಾಗೋದು ಬ್ಯಾಡ' ಅಂತ ತನ್ ಮಗನ್ನೇ ಆ ಎಲೆಗೆ ಕೂರಿಸಿದ. ಉಂಡ್ರು. ನಿನ್ನೆ ವೀಳ್ಯಶಾಸ್ತ್ರನೂ ಆಗಿ ಸಂಬಂಧ ಗಟ್ಟಿಯಾತು."

ಗಾದ್ರಮ್ಮನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲ ಕಡೆ ತಿರುಗಿ ನೋಡಿದಳು. ತೋರಣ ಯಾರಿಗೆಂದು ಈಗ ಗೊತ್ತಾಯಿತು.

ದುರ್ಗಾಂಬಿಕಾ ನೀರು ತಂದಿಟ್ಟಳು. ಕಣ್ಣು ಊದಿಕೊಂಡಿದ್ದವು. "ಅವರಿಗೆ ಫೋನ್ ಮಾಡಿದ್ದೆ, ಅಮ್ಮ. ಎಲೆ ಮುಂದೆ ಮಾವನ ಮಗ ಕೂರೋತನಕ ಮಾಡ್ತಾನೇ ಇದ್ದೆ. ಸ್ವಿಚಾಫ್ ಅಂತ ಬರ್ತಿತ್ತು."

ಗಾದ್ರಮ್ಮನ ಕೈ ತಾನಾಗಿಯೇ ಸೊಂಟದ ಬೀಗದ ಕೈಗೆ ಹೋಯಿತು. ಅಪಶಕುನವನ್ನು ಹೊರಗಿಡಲು ಹೋಗಿ ಮಗನ ಬಾಳನ್ನೇ ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದಳು. ಎದ್ದು ಹೊರಟಳು.

"ಬಿಸಿಲಾಗೆ ಬಂದೀರಿ, ಉಂಡು ಹೋಗ್ರಿ," ಎಂದ ಚಿಕ್ಕಹನುಮಂತಪ್ಪ ಮೆಲ್ಲಗೆ. "ಈಗ ನೀವು ಉಂಡ್ರೆ ಏನೂ ಆಗಲ್ಲ."

ಒಂದು ಸಲ ಅವಮಾನ ಮಾಡಿದ ಮನೆಯಲ್ಲಿ ಇನ್ನೊಮ್ಮೆ ಬೇಡವೆನ್ನುವುದು ಹೇಗೆ? ಎಲೆಯ ಮುಂದೆ ಕೂತಳು. ಮೊದಲ ತುತ್ತು ಬಾಯಿಗಿಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಕಾದು ಕಾದು ಬೇಸತ್ತ ಮಾರುತೇಶ ಬಂದಿದ್ದ. ಆ ಮನೆಯಲ್ಲಿ ಉಣ್ಣುತ್ತಿರುವ ಅವ್ವನನ್ನು ನೋಡಿದ. ಅವನ ಮುಖ ಅರಳಿತು.

ಮಾರುತೇಶ ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನ ಪಕ್ಕದಲ್ಲಿ ಕೂತು, ನಾಚುತ್ತಲೇ ಕೇಳಿದ: "ನನಗೂ ಒಂದು ಎಲೆ ಹಾಕ್ರಿ, ಮಾವ."